ಮುಟ್ಟಿ ನೋಡಿದರೆ ಸಾಲದು: ಮನೆಯ ಕಂಪ್ಯೂಟರಿನ ಬಿಸಿ ಅಳೆಯುವುದು, ಇಳಿಸುವುದು

ಹೋದ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ತಮ್ಮನ ಮಗನ ನಾಮಕರಣದ ವಿಡಿಯೊ ಎಡಿಟ್ ಮಾಡುತ್ತಾ ಕೂತಿದ್ದೆ. ಎಕ್ಸ್‌ಪೋರ್ಟ್ ಕೊಟ್ಟು ಎರಡು ನಿಮಿಷ ಆಗಿರಲಿಲ್ಲ, ಕ್ಯಾಬಿನೆಟ್ ಒಳಗಿನ ಫ್ಯಾನ್ ಮಿಕ್ಸಿ ಥರ ಕೂಗತೊಡಗಿತು. ಆಮೇಲೆ ಪರದೆ ಕಪ್ಪು. ಮತ್ತೆ ಆನ್ ಮಾಡಿದೆ, ಮತ್ತೆ ಅದೇ ಕಥೆ. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ, ಅಲ್ಲಿದ್ದವರು ಮುಚ್ಚಳ ಕೂಡ ತೆಗೆಯದೆ "ಮದರ್‌ಬೋರ್ಡ್ ಹೋಗಿದೆ ಸಾರ್" ಅಂದರು. ಮನಸ್ಸಾಗಲಿಲ್ಲ. ಮನೆಗೆ ವಾಪಸ್ ತಂದು ನಾನೇ ಬಿಚ್ಚಿದೆ. ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಅದರ ಮೇಲೆ ಕೂತು ತಣಿಸುವ ನನ್ನ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿವೆ. ಅದರಲ್ಲಿ ಒಂದು ಬೋರ್ಡ್ ಬಿಟ್ಟು ಮೇಲೆದ್ದಿತ್ತು. ಕೂಲರ್ ಒಂದು ಕಡೆ ವಾಲಿತ್ತು. ಅಷ್ಟೇ!

ಆ ದಿನ ಸಿಟ್ಟು ಬಂದಿದ್ದು ಅಂಗಡಿಯವರ ಮೇಲಲ್ಲ, ನನ್ನ ಮೇಲೆ. ಕಂಪ್ಯೂಟರ್ ಚೆನ್ನಾಗಿದ್ದಾಗ ಅದರ ಬಿಸಿ ಎಷ್ಟಿರುತ್ತಿತ್ತು ಅಂತ ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಆ ಕಾಲು ಸಡಿಲವಾದ ವಾರವೇ ಗೊತ್ತಾಗುತ್ತಿತ್ತು. ಅದಕ್ಕೇ ಕೆಳಗಿನದ್ದೆಲ್ಲ ಒಂದು ಹಳೆಯ ನೋಟ್‌ಬುಕ್ಕಿನಿಂದ ಶುರುವಾಗುತ್ತದೆ.

ಮೊದಲು ಥರ್ಮಾಮೀಟರ್ ಹಾಕಿಕೊಳ್ಳಿ

ಕ್ಯಾಬಿನೆಟ್ ಮುಟ್ಟಿ "ಬಿಸಿ ಇದೆ" ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಹೊರಗಿನ ತಗಡು ತಣ್ಣಗಿದ್ದರೂ ಒಳಗಿನ ಚಿಪ್ 95 ಡಿಗ್ರಿಯಲ್ಲಿ ಬೇಯುತ್ತಿರಬಹುದು. ಚಿಪ್ಪಿನೊಳಗೇ ಸೆನ್ಸರ್‌ಗಳಿವೆ. ಅದನ್ನು ಓದುವ ಸಾಫ್ಟ್‌ವೇರ್ ಬೇಕು, ಅಷ್ಟೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಉಷ್ಣಾಂಶ ತೋರಿಸುತ್ತದೆ, ಪ್ರೊಸೆಸರಿನದ್ದು ತೋರಿಸುವುದಿಲ್ಲ.

ನಾನು ಬಳಸುವುದು ಎಚ್‌ಡಬ್ಲ್ಯುಇನ್ಫೋ. ಮನೆ ಬಳಕೆಗೆ ಉಚಿತ. ತೆರೆಯುವಾಗ 'ಸೆನ್ಸರ್ಸ್ ಓನ್ಲಿ' ಅನ್ನುವುದಕ್ಕೆ ಟಿಕ್ ಹಾಕಿ. ನೂರಾರು ಸಾಲುಗಳು ಬಂದು ತಲೆ ತಿರುಗಿಸುತ್ತವೆ, ಹೆದರಬೇಡಿ. ನಮಗೆ ಬೇಕಾದ್ದು ಮೂರು ನಾಲ್ಕು ಸಾಲು ಮಾತ್ರ. ಇಂಟೆಲ್ ಆದರೆ 'ಸಿಪಿಯು ಪ್ಯಾಕೇಜ್'. ಎಎಂಡಿ ರೈಜನ್ ಆದರೆ 'Tctl/Tdie' ಅಂತ ಬರೆದಿರುವ ಸಾಲು. ಗ್ರಾಫಿಕ್ಸ್ ಕಾರ್ಡ್ ಇದ್ದರೆ 'ಜಿಪಿಯು ಟೆಂಪರೇಚರ್', 'ಹಾಟ್ ಸ್ಪಾಟ್'. ಡಿಸ್ಕಿಗೆ 'ಡ್ರೈವ್ ಟೆಂಪರೇಚರ್'. ಪಕ್ಕದಲ್ಲೇ ಈಗಿನ ಅಂಕಿ, ಕನಿಷ್ಠ, ಗರಿಷ್ಠ, ಸರಾಸರಿ ಅಂತ ನಾಲ್ಕು ಕಾಲಂ ಇರುತ್ತವೆ. ಗರಿಷ್ಠದ ಕಾಲಂ ಬಲು ಉಪಯೋಗ. ಕೆಲಸ ಮುಗಿಸಿ ಕಾಫಿ ಕುಡಿದು ಬಂದು ನೋಡಿದರೂ ಅಂಕಿ ಅಲ್ಲೇ ಕಾದಿರುತ್ತದೆ.

ಒಂದು ಸಾಲಿನಲ್ಲಿ 127 ಡಿಗ್ರಿಯೋ, ಮೈನಸ್ ಅಂಕಿಯೋ ಕಂಡರೆ ಗಾಬರಿ ಬೇಡ. ಮದರ್‌ಬೋರ್ಡಿನ ಸೆನ್ಸರ್ ಚಿಪ್‌ನಲ್ಲಿ ಬಳಸದೇ ಬಿಟ್ಟ ಕಾಲುಗಳಿರುತ್ತವೆ. ಅವು ಬಾಯಿಗೆ ಬಂದದ್ದು ಹೇಳುತ್ತವೆ. ನಿಜವಾಗಿ 127 ಡಿಗ್ರಿ ಆಗಿದ್ದರೆ ನೀವು ಆ ಪರದೆ ನೋಡುತ್ತಲೇ ಇರುತ್ತಿರಲಿಲ್ಲ, ಅಲ್ವಾ?

ಲಿನಕ್ಸ್ ಬಳಸುವವರು 'ಎಲ್‌ಎಂ-ಸೆನ್ಸರ್ಸ್' ಪ್ಯಾಕೇಜ್ ಹಾಕಿಕೊಂಡು, ಒಮ್ಮೆ 'ಸೆನ್ಸರ್ಸ್-ಡಿಟೆಕ್ಟ್' ಓಡಿಸಿ, ಆಮೇಲೆ ಟರ್ಮಿನಲ್‌ನಲ್ಲಿ 'ಸೆನ್ಸರ್ಸ್' ಅಂತ ಕೊಟ್ಟರೆ ಸಾಕು.

ಇನ್ನೊಂದು ಮಾತು. ಬಿಸಿ ನೋಡುವ, ಫ್ಯಾನ್ ತಿರುಗಿಸುವ ಕೆಲವು ಉಚಿತ ಸಾಫ್ಟ್‌ವೇರ್‌ಗಳು 'ವಿನ್‌ರಿಂಗ್0' ಎಂಬ ಹಳೆಯ ಡ್ರೈವರ್ ಬಳಸುತ್ತಿದ್ದವು. ಅದರಲ್ಲಿ ಭದ್ರತೆಯ ತೂತಿದೆ. 2025ರಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ಹಿಡಿದು ನಿಲ್ಲಿಸತೊಡಗಿತು. ಅಂಥ ಎಚ್ಚರಿಕೆ ಬಂದರೆ ಡಿಫೆಂಡರನ್ನು ಆಫ್ ಮಾಡಬೇಡಿ. ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿ, ಇಲ್ಲವೇ ಬೇರೆಯದು ನೋಡಿ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ

ತಾರೀಖು. ಕೋಣೆಯ ಉಷ್ಣಾಂಶ. ಸುಮ್ನೆ ಇದ್ದಾಗಿನ ಅಂಕಿ. ಕೆಲಸದ ಅಂಕಿ. ಇಷ್ಟೇ.

ಕೋಣೆಯದ್ದು ಯಾಕೆ ಅಂದರೆ, ಗಾಳಿಯಿಂದ ತಣಿಯುವ ಯಾವ ಕಂಪ್ಯೂಟರೂ ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಕೋಣೆ 10 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಮ್ಮಿ 10 ಡಿಗ್ರಿ ಏರುತ್ತದೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ 65 ತೋರಿಸಿದ ಅದೇ ಯಂತ್ರ, ಮೇ ತಿಂಗಳ ರಾಯಚೂರಿನಲ್ಲಿ 82 ತೋರಿಸಿದರೆ ಅದು ಕೆಟ್ಟಿದೆ ಅಂತಲ್ಲ. ಆದ್ದರಿಂದ ನೋಡಬೇಕಾದ್ದು ಎರಡರ ನಡುವಿನ ಅಂತರ. ಗೋಡೆಗೆ ತೂಗುಹಾಕುವ ಅಗ್ಗದ ಥರ್ಮಾಮೀಟರ್ ಸಾಕು. ಕ್ಯಾಬಿನೆಟ್ ಹಿಂದೆ ಇಡಬೇಡಿ, ಬಿಸಿಗಾಳಿ ಬಡಿದು ಸುಳ್ಳು ಹೇಳುತ್ತದೆ.

ಕಂಪ್ಯೂಟರ್ ಆನ್ ಮಾಡಿ ಹತ್ತು ನಿಮಿಷ ಏನೂ ಮಾಡದೆ ಬಿಡಿ. ಆಗ ಸುಮ್ನೆ ಇದ್ದಾಗಿನ ಅಂಕಿ ಬರೆಯಿರಿ. ಆಮೇಲೆ ನೀವು ದಿನಾ ಮಾಡುವ ಅತಿ ಭಾರದ ಕೆಲಸ ಕೊಡಿ. ವಿಡಿಯೊ ಎಕ್ಸ್‌ಪೋರ್ಟ್, ಗೇಮ್, ಏನಿದ್ದರೆ ಅದು. ಅಂಥದ್ದು ಇಲ್ಲದಿದ್ದರೆ ಪ್ರೊಸೆಸರಿಗೆ ಭಾರ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಎಂಬ ಸಾಫ್ಟ್‌ವೇರ್ ಓಡಿಸಿ. 20 ನಿಮಿಷ ಬಿಟ್ಟು ನೋಡಿ, ಯಾಕಂದರೆ ಕೂಲರಿನ ಲೋಹ ಪೂರ್ತಿ ಬಿಸಿಯಾಗಲು ಅಷ್ಟು ಹೊತ್ತು ಬೇಕು. ಪ್ರೈಮ್95 ತರಹದ ಅಗ್ನಿಪರೀಕ್ಷೆ ಮನೆ ಕಂಪ್ಯೂಟರಿಗೆ ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ನಿಜ ಜೀವನದಲ್ಲಿ ಅಷ್ಟು ಭಾರ ಬೀಳುವುದೇ ಇಲ್ಲ.

ಎಲ್ಲ ಸರಿಮಾಡಿದ ಮೇಲೆ ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಹೀಗಿದೆ: ಕೋಣೆ 34, ಸುಮ್ನೆ 46, ಕೆಲಸ 79. ಅಂದರೆ ಅಂತರ 45. ಜನವರಿಯಲ್ಲಿ ಬರೆದ ಸಾಲು: ಕೋಣೆ 24, ಕೆಲಸ 70. ಅಂತರ 46. ಯಂತ್ರ ಹಾಗೇ ಇದೆ, ಬದಲಾಗಿದ್ದು ಹವೆ ಮಾತ್ರ. ಈ ಅಂತರ 55 ದಾಟಿದ ದಿನ ಮುಚ್ಚಳ ತೆಗೆಯುತ್ತೇನೆ.

ಎಷ್ಟಾದರೆ ಜಾಸ್ತಿ?

ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಕೋರ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್. ರೈಜನ್ 5000 ಸಾಲಿನವಕ್ಕೆ ಮಾದರಿ ನೋಡಿಕೊಂಡು 90 ಅಥವಾ 95. ರೈಜನ್ 7000 ಸಾಲಿನ ದೊಡ್ಡ ಮಾದರಿಗಳನ್ನು ಭಾರದ ಕೆಲಸದಲ್ಲಿ 95ರವರೆಗೆ ಹೋಗುವಂತೆಯೇ ರೂಪಿಸಿದ್ದಾರೆ. ಅದನ್ನು ನೋಡಿ ಹೌಹಾರಬೇಡಿ. ಉಳಿದವರಿಗೆ ನಾನು ಹೇಳುವ ಲೆಕ್ಕ: ಭಾರದ ಕೆಲಸದಲ್ಲಿ 80ರೊಳಗೆ ಇದ್ದರೆ ನಿಶ್ಚಿಂತೆ, 80ರಿಂದ 90 ಇದ್ದರೆ ಈ ವಾರ ಸ್ವಚ್ಛ ಮಾಡಿ, 90 ದಾಟಿದರೆ ಇವತ್ತೇ.

ಮಿತಿ ಮುಟ್ಟಿದ ಕೂಡಲೇ ಚಿಪ್ ಸುಟ್ಟುಹೋಗುವುದಿಲ್ಲ. ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಆಗಲೂ ಬಿಸಿ ಇಳಿಯದೆ ಇನ್ನೂ ಏರಿದರೆ ಕಂಪ್ಯೂಟರ್ ಥಟ್ಟನೆ ಆಫ್ ಆಗುತ್ತದೆ. ಈ ಕಾವಲು ಮೊದಲು ಎಲ್ಲದರಲ್ಲೂ ಇರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ವೆಬ್‌ಸೈಟಿನವರು ಓಡುತ್ತಿದ್ದ ಕಂಪ್ಯೂಟರಿನ ಕೂಲರ್ ಕಿತ್ತು ತೋರಿಸಿದ್ದರು. ಎಎಂಡಿಯ ಅಥ್ಲಾನ್ ಹೊಗೆ ಬಿಟ್ಟು ಸತ್ತಿತು. ಇಂಟೆಲ್‌ನ ಪೆಂಟಿಯಂ 4 ನಿಧಾನವಾಗಿ ತೆವಳುತ್ತಾ ಬದುಕಿಕೊಂಡಿತು. ಈಗಿನ ಎರಡೂ ಕಂಪನಿಯ ಚಿಪ್‌ಗಳು ತಮ್ಮ ಜೀವ ತಾವು ಕಾಯ್ದುಕೊಳ್ಳುತ್ತವೆ. ಹಾಗಾಗಿ ಬಿಸಿಯ ಮೊದಲ ಲಕ್ಷಣ ಹೊಗೆಯಲ್ಲ, ನಿಧಾನ. "ಕಂಪ್ಯೂಟರ್ ಯಾಕೋ ಮಧ್ಯಾಹ್ನ ಸ್ಲೋ" ಅಂತ ಯಾರಾದರೂ ಅಂದರೆ ನಾನು ಮೊದಲು ಎಚ್‌ಡಬ್ಲ್ಯುಇನ್ಫೋದಲ್ಲಿ 'ಥರ್ಮಲ್ ಥ್ರಾಟ್ಲಿಂಗ್' ಸಾಲಿನಲ್ಲಿ 'ಯೆಸ್' ಇದೆಯಾ ಅಂತ ನೋಡುತ್ತೇನೆ.

ಥಟ್ಟನೆ ಆಫ್ ಆಗುವುದಕ್ಕೆಲ್ಲ ಬಿಸಿಯೇ ಕಾರಣ ಅಂದುಕೊಳ್ಳಬೇಡಿ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಕೈಕೊಟ್ಟರೂ, ಯುಪಿಎಸ್ ಬ್ಯಾಟರಿ ಸತ್ತಿದ್ದರೂ ಹೀಗೇ ಆಗುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕಾಣುವ 'ಕರ್ನಲ್-ಪವರ್ 41' ಯಂತ್ರ ಹೇಳದೆ ಕೇಳದೆ ನಿಂತಿತು ಅಂತ ಮಾತ್ರ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಆಫ್ ಆಗುವ ಮುಂಚಿನ ಅಂಕಿ 60ರ ಆಸುಪಾಸಿದ್ದರೆ ಬಿಸಿಯನ್ನು ಬಿಟ್ಟು ಕರೆಂಟಿನ ದಾರಿ ಹಿಡಿಯಿರಿ.

ಮದರ್‌ಬೋರ್ಡಿಗೇ ಸಿಕ್ಕಿಸುವ ಎಂ.2 ಎಸ್‌ಎಸ್‌ಡಿಗೆ ಸಾಮಾನ್ಯವಾಗಿ 70 ಡಿಗ್ರಿ, ಹಾರ್ಡ್ ಡಿಸ್ಕಿಗೆ 60 ಡಿಗ್ರಿ ತಯಾರಕರು ಹೇಳುವ ಮಿತಿ. ಹಾರ್ಡ್ ಡಿಸ್ಕ್ 50ರೊಳಗಿದ್ದರೆ ಅದರ ಗೊಡವೆಗೆ ಹೋಗಬೇಡಿ.

ಧೂಳು, ಹಲ್ಲಿ, ಕುಂಕುಮ

ನಮ್ಮ ಕಡೆಯ ಕಂಪ್ಯೂಟರ್‌ಗಳಿಗೆ ಹತ್ತರಲ್ಲಿ ಎಂಟು ಸಲ ಇದೇ ರೋಗ. ಕೂಲರಿನಲ್ಲಿ ಬಾಚಣಿಗೆ ಹಲ್ಲಿನಂಥ ತೆಳು ಲೋಹದ ಎಸಳುಗಳಿವೆ. ಗಾಳಿ ಆ ಸಂದಿಗಳಲ್ಲಿ ಹಾದು ಹೋಗಬೇಕು. ಮೇಲಿನಿಂದ ನೋಡಿದರೆ ಫ್ಯಾನ್ ಚೆನ್ನಾಗಿ ತಿರುಗುತ್ತಿರುತ್ತದೆ, ಆದರೆ ಫ್ಯಾನಿನ ಅಡಿಯಲ್ಲಿ, ಎಸಳುಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಧೂಳು ಕೂತಿರುತ್ತದೆ. ಅಡುಗೆಮನೆ ಪಕ್ಕದ ಕೋಣೆಯಾದರೆ ಒಗ್ಗರಣೆಯ ಜಿಡ್ಡು ಸೇರಿ ಅದು ಅಂಟಾಗುತ್ತದೆ. ಕರಾವಳಿಯಲ್ಲಿ ತೇವದಿಂದ ಇನ್ನೂ ಗಟ್ಟಿ. ದೇವರ ಕೋಣೆಯ ಹತ್ತಿರ ಇದ್ದರೆ ಊದುಬತ್ತಿಯ ಕಪ್ಪು. ಬಿಚ್ಚಿದಾಗ ಹಲ್ಲಿ ಮೊಟ್ಟೆ, ಜಿರಳೆ ಸಂಸಾರ ಸಿಕ್ಕರೂ ಆಶ್ಚರ್ಯಪಡಬೇಡಿ. ಬೆಚ್ಚಗಿನ ಜಾಗ ಯಾರಿಗೆ ಬೇಡ?

ಆಯುಧ ಪೂಜೆಯ ದಿನ ಗಾಡಿಯನ್ನು ತೊಳೆದು ತೊಳೆದು ಹೊಳೆಸುವ ನಾವು, ಕಂಪ್ಯೂಟರಿಗೆ ಮಾತ್ರ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು ಬಿಡುತ್ತೇವೆ. ಮುಂದಿನ ಫ್ಯಾನ್ ಆ ಕುಂಕುಮವನ್ನೂ ಎಸಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಮದರ್‌ಬೋರ್ಡಿನ ಮೇಲೆ ಒಣಗಿದ ಸೇವಂತಿಗೆ ಎಸಳು ಸಿಕ್ಕಿದೆ, ಕಣ್ಣಾರೆ ಕಂಡದ್ದು. ವರ್ಷಕ್ಕೆ ಎರಡು ಸಲ ಸ್ವಚ್ಛ ಮಾಡುವುದಕ್ಕೆ ನಾನು ಇಟ್ಟುಕೊಂಡ ಗುರುತು ಶಿವರಾತ್ರಿ ಮತ್ತು ಆಯುಧ ಪೂಜೆಯ ಹಿಂದಿನ ದಿನ. ಒಂದು ಬೇಸಿಗೆಗೆ ಮುಂಚೆ, ಇನ್ನೊಂದು ಮಳೆ ಮುಗಿದ ಮೇಲೆ.

ಕ್ರಮ ಹೀಗೆ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ವೈರ್ ಕೀಳಿ. ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹೋಗಲಿ. ಬಾಲ್ಕನಿಗೋ ಅಂಗಳಕ್ಕೋ ಒಯ್ಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಎಡಗಡೆಯ ಬಾಗಿಲು ತೆಗೆದು, ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ಕೆಲಸ ಶುರುಮಾಡಿ. ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಬ್ಲೋವರ್ ಬಿಡಬೇಕು. ಹಿಡಿಯದಿದ್ದರೆ ಅದು ಗಿರಗಿಟ್ಲೆಯಂತೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಸಂದಿಗೆ ಹೊಸ ಪೇಂಟ್ ಬ್ರಷ್. ಒದ್ದೆ ಬಟ್ಟೆ ಬೇಡವೇ ಬೇಡ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ. ಆ ಟ್ಯಾಂಕಿನಲ್ಲಿ ನೀರಿನ ಪಸೆ ಇರುತ್ತದೆ, ಒತ್ತಡವೂ ಜಾಸ್ತಿ. ಎಸ್‌ಎಂಪಿಎಸ್‌ಗೆ ಹೊರಗಿನಿಂದ ಗಾಳಿ ಊದಿ ಬಿಡಿ. ಅದನ್ನು ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳು ಜೋರಾಗಿ ಹೊಡೆಯಬಲ್ಲವು.

ಇನ್ನು ಜಾಗ. ಬಡಗಿಗೆ ಹೇಳಿ ಮಾಡಿಸಿದ ಕಂಪ್ಯೂಟರ್ ಟೇಬಲ್‌ನಲ್ಲಿ ಕ್ಯಾಬಿನೆಟ್ ಇಡಲು ಅಂತ ಒಂದು ಗೂಡು ಇರುತ್ತದೆ ನೋಡಿ, ಮೂರು ಕಡೆ ಪ್ಲೈವುಡ್, ಹಿಂದೆ ಗೋಡೆ. ಕಂಪ್ಯೂಟರಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಹಿಂದಿನ ಫ್ಯಾನ್ ಬಿಟ್ಟ ಬಿಸಿಗಾಳಿ ಗೋಡೆಗೆ ಬಡಿದು, ಸುತ್ತಿ ಬಂದು, ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ಕ್ಯಾಬಿನೆಟ್ಟನ್ನು ಆಚೆ ತೆಗೆದು, ನೆಲದಿಂದ ಒಂದಿಷ್ಟು ಎತ್ತರಕ್ಕೆ, ಹಿಂದೆ ಒಂದು ಗೇಣು ಜಾಗ ಬಿಟ್ಟು ಇಡಿ. ಮುಂದಿನಿಂದ ಗಾಳಿ ಒಳಕ್ಕೆ, ಹಿಂದಿನಿಂದ ಹೊರಕ್ಕೆ ಹೋಗಬೇಕು. ಟಿಶ್ಯೂ ಪೇಪರಿನ ತುಂಡು ಹಿಡಿದು ನೋಡಿ: ಮುಂದೆ ಅಂಟಿಕೊಳ್ಳಬೇಕು, ಹಿಂದೆ ಹಾರಬೇಕು.

ಕೂಲರಿನ ಕಾಲು ಮತ್ತು ಪೇಸ್ಟ್

ಇಂಟೆಲ್ ಪ್ರೊಸೆಸರಿನ ಜೊತೆ ಬರುತ್ತಿದ್ದ ಹಳೆಯ ನಮೂನೆಯ ಕೂಲರಿಗೆ ನಾನು ಹೇಳಿದ ನಾಲ್ಕು ಕಾಲುಗಳು. ಬೆರಳಿನಿಂದ ಕೂಲರನ್ನು ಮೆಲ್ಲಗೆ ಅಲುಗಾಡಿಸಿ. ಒಂದು ಮೂಲೆ ಎದ್ದರೆ ಕಾಲು ಬಿಟ್ಟಿದೆ ಅಂತ ಅರ್ಥ. ಬೋರ್ಡಿನ ಹಿಂಭಾಗದಿಂದ ನೋಡಿದರೆ ಸರಿಯಾಗಿ ಕೂತ ಕಾಲಿನ ಬಿಳಿ ತುದಿಗಳು ಅಗಲವಾಗಿ ಬಿಚ್ಚಿಕೊಂಡು, ನಡುವೆ ಕಪ್ಪು ಮೊಳೆ ಕಾಣುತ್ತದೆ. ಒಮ್ಮೆ ಎದ್ದ ಕೂಲರನ್ನು ಹಾಗೇ ಒತ್ತಿ ಕೂರಿಸಬೇಡಿ. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚಿರುವ ಥರ್ಮಲ್ ಪೇಸ್ಟಿನೊಳಗೆ ಗಾಳಿ ಸೇರಿರುತ್ತದೆ. ಪೂರ್ತಿ ತೆಗೆದು ಹೊಸ ಪೇಸ್ಟ್ ಹಾಕಬೇಕು.

ಕಾಲಿನ ತಲೆಯ ಮೇಲೆ ಬಾಣದ ಗುರುತಿದೆ. ಆ ಬಾಣದ ದಿಕ್ಕಿಗೆ ತಿರುಗಿಸಿ ಮೇಲೆಳೆದರೆ ಬಿಡುತ್ತದೆ. ರೈಜನ್‌ನ ಎಎಂ4 ಸಾಕೆಟ್ಟಿನ ಬೋರ್ಡ್ ಇದ್ದವರು ಇಲ್ಲಿ ಹುಷಾರು. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದು, ಕೂಲರ್ ಎಳೆದಾಗ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಅಡಿಯ ಪಿನ್ನುಗಳು ಬಾಗುತ್ತವೆ. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಬಿಸಿ ಇರುವಾಗಲೇ ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ, ಸಡಿಲವಾದ ಮೇಲೆ ಎತ್ತಿ.

ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಬಟ್ಟೆಯಿಂದ ಎರಡೂ ಕಡೆ ಒರೆಸಿ. ನಡುವೆ ಒಂದು ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್. ಚಪಾತಿಗೆ ತುಪ್ಪ ಸವರಿದಂತೆ ಸವರುತ್ತಾ ಕೂರಬೇಡಿ, ಕೂಲರಿನ ಒತ್ತಡವೇ ಹರಡುತ್ತದೆ. ಕಾಲುಗಳನ್ನು ಒತ್ತುವಾಗ ಮೂಲೆಗೆ ಮೂಲೆ ಎದುರಾಗಿ ಎರಡೆರಡು ಒತ್ತಿ. ನಾಲ್ಕು ಸಲ 'ಟಕ್' ಅನ್ನಬೇಕು. ನನ್ನದು ಆ ದಿನ ಮೂರು ಸಲ ಮಾತ್ರ ಅಂದಿತು. ಬೋರ್ಡ್ ತಿರುಗಿಸಿ ನೋಡಿ ಮತ್ತೆ ಒತ್ತಿದೆ. ಖರ್ಚಾಗಿದ್ದು ಒಂದು ಪೇಸ್ಟ್ ಟ್ಯೂಬಿನ ದುಡ್ಡು. ಎಕ್ಸ್‌ಪೋರ್ಟ್ ಅವತ್ತೇ ರಾತ್ರಿ ಮುಗಿಯಿತು.

ಫ್ಯಾನಿಗೆ ಬುದ್ಧಿ ಹೇಳುವುದು

ಫ್ಯಾನ್ ವೇಗ ಹೊಂದಿಸಲು ಬಯಾಸ್, ಅಂದರೆ ಮದರ್‌ಬೋರ್ಡಿನದೇ ಸೆಟ್ಟಿಂಗ್ಸ್ ಪರದೆ, ಸಾಕು. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಿರಿ. ಆಸುಸ್ ಬೋರ್ಡಿನಲ್ಲಿ 'ಕ್ಯೂ-ಫ್ಯಾನ್', ಗಿಗಾಬೈಟ್‌ನಲ್ಲಿ 'ಸ್ಮಾರ್ಟ್ ಫ್ಯಾನ್' ಅಂತ ಇರುತ್ತದೆ. ಅಲ್ಲಿ ಬಿಸಿ ಎಷ್ಟಾದಾಗ ಫ್ಯಾನ್ ಎಷ್ಟು ಓಡಬೇಕು ಅನ್ನುವ ಗೆರೆ ಎಳೆಯಬಹುದು. ನಾನು ಇಟ್ಟಿರುವುದು 40 ಡಿಗ್ರಿಗೆ 30 ಪರ್ಸೆಂಟ್, 60ಕ್ಕೆ 50, 75ಕ್ಕೆ 80, 85ಕ್ಕೆ ಪೂರ್ತಿ. ಬಿಸಿ ಏರಿದ ತಕ್ಷಣ ಫ್ಯಾನ್ ಜಿಗಿಯದಂತೆ ಒಂದೆರಡು ಸೆಕೆಂಡ್ ತಡ ಮಾಡುವ ಆಯ್ಕೆಯೂ ಹೆಚ್ಚಿನ ಬೋರ್ಡುಗಳಲ್ಲಿದೆ. ಅದನ್ನು ಹಾಕಿ. ಇಲ್ಲದಿದ್ದರೆ ಬ್ರೌಸರ್ ತೆರೆದಾಗೆಲ್ಲ ಫ್ಯಾನ್ 'ವುಂಯ್' ಅಂದು ಸುಮ್ಮನಾಗುತ್ತದೆ, ರಾತ್ರಿ ಹೊತ್ತು ತಲೆನೋವು.

ಫ್ಯಾನಿನ ಪ್ಲಗ್ ನೋಡಿ. ನಾಲ್ಕು ಪಿನ್ ಇದ್ದರೆ ಬಯಾಸ್‌ನಲ್ಲಿ 'ಪಿಡಬ್ಲ್ಯುಎಂ' ಆರಿಸಿ. ಮೂರು ಪಿನ್ ಆದರೆ 'ಡಿಸಿ'. ಮೂರು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯುಎಂ ಇಟ್ಟರೆ ಅದು ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತದೆ. "ಫ್ಯಾನ್ ಕಂಟ್ರೋಲೇ ಆಗ್ತಿಲ್ಲ" ಅನ್ನುವ ಎಷ್ಟೋ ದೂರುಗಳ ಗುಟ್ಟು ಇಷ್ಟೇ.

ಬಿಸಿ ಹುಟ್ಟುವುದನ್ನೇ ಕಮ್ಮಿ ಮಾಡಿ

ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕೋಣೆಯೇ 38 ಇದ್ದರೆ ಯಾವ ಫ್ಯಾನ್ ಏನು ಮಾಡೀತು? ಆಗ ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅದರ ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅಲ್ಲಿ 'ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್', ಅದರೊಳಗಿನ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಹುಡುಕಿ. 100 ಇರುವುದನ್ನು 99 ಮಾಡಿ. ಒಂದೇ ಪರ್ಸೆಂಟ್ ಅಲ್ವಾ ಅಂತ ನಗಬೇಡಿ. ಇದರಿಂದ ಟರ್ಬೊ, ಅಂದರೆ ಕೆಲಸ ಬಿದ್ದಾಗ ಚಿಪ್ ತಾನೇ ವೇಗ ಏರಿಸಿಕೊಳ್ಳುವುದು, ನಿಂತುಹೋಗುತ್ತದೆ. ನನ್ನ ಕೋರ್ ಐ5-10400 ಟರ್ಬೊದಲ್ಲಿ 4.3 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ, ಇಲ್ಲದಿದ್ದರೆ 2.9. ಚಿಪ್ಪಿನ ವೇಗ ಏರಿಸಲು ವೋಲ್ಟೇಜೂ ಏರಿಸಬೇಕು. ವೋಲ್ಟೇಜ್ ಸ್ವಲ್ಪ ಏರಿದರೂ ಬಿಸಿ ಬಹಳ ಏರುತ್ತದೆ. ಹಾಗಾಗಿ ಆ ಕೊನೆಯ ವೇಗ ಬಿಟ್ಟುಕೊಟ್ಟರೆ ಲಾಭವೂ ದೊಡ್ಡದೇ. ಎಕ್ಸ್‌ಪೋರ್ಟ್ ತಡವಾಗುತ್ತದೆ ನಿಜ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುವುದಕ್ಕೆ, ಯೂಟ್ಯೂಬ್ ನೋಡುವುದಕ್ಕೆ, ಮಕ್ಕಳ ಆನ್‌ಲೈನ್ ಕ್ಲಾಸಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮಳೆ ಬಿದ್ದ ಮೇಲೆ ಮತ್ತೆ 100 ಮಾಡಿ.

ರೈಜನ್ ಇದ್ದರೆ ಬಯಾಸ್‌ನಲ್ಲಿ 'ಇಕೊ ಮೋಡ್' ನೋಡಿ. ಎಎಂ4ರ 105 ವ್ಯಾಟ್ ವರ್ಗದ ಚಿಪ್ ನಿಜದಲ್ಲಿ 142 ವ್ಯಾಟ್‌ವರೆಗೆ ಎಳೆಯುತ್ತದೆ. 65 ವ್ಯಾಟಿನ ಇಕೊ ಮೋಡ್‌ನಲ್ಲಿ ಅದು 88ಕ್ಕೆ ನಿಲ್ಲುತ್ತದೆ. ಗೇಮ್ ಆಡುವವರು ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ 80 ಪರ್ಸೆಂಟಿಗೆ ಇಳಿಸಿ ಆಡಿ ನೋಡಿ. ಮಾನಿಟರ್ 60 ಹರ್ಟ್ಸ್‌ನದ್ದಾದರೆ ಗೇಮಿನ ಫ್ರೇಮ್ ರೇಟನ್ನೂ 60ಕ್ಕೆ ಕಟ್ಟಿಹಾಕಿ. ಪರದೆ ತೋರಿಸಲಾರದ ಫ್ರೇಮುಗಳಿಗೆ ಕರೆಂಟ್ ಯಾಕೆ ಸುಡಬೇಕು?

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅಳೆದು, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಧೂಳು ತೆಗೆದು, ಪೇಸ್ಟ್ ಹಾಕಿ, ಫ್ಯಾನಿನ ಗೆರೆ ಬದಲಿಸಿ ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪಿನವರಿಗೂ ಅಳೆಯುವ ಕ್ರಮ ಇದೇ. ಅಂಕಿಗಳು ಮಾತ್ರ ಹತ್ತು ಡಿಗ್ರಿ ಜಾಸ್ತಿ ಇರುತ್ತವೆ ಅಂತ ಇಟ್ಟುಕೊಳ್ಳಿ. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ, ಗಾಳಿ ಎಳೆಯುವ ತೂತುಗಳು ಹೊಟ್ಟೆಯ ಕೆಳಗಿವೆ. ಹಿಂಭಾಗಕ್ಕೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದರೂ ಸ್ವಲ್ಪ ಇಳಿಯುತ್ತದೆ.

ಕೊನೆಗೆ ಕಾವಲು. ಎಚ್‌ಡಬ್ಲ್ಯುಇನ್ಫೋದ ಸೆನ್ಸರ್ ಸೆಟ್ಟಿಂಗ್ಸ್‌ನಲ್ಲಿ ಅಲರ್ಟ್ ಇಡಬಹುದು. 'ಸಿಪಿಯು ಪ್ಯಾಕೇಜ್' 90 ದಾಟಿದರೆ ಕೂಗು ಅಂತ ಹೇಳಿಟ್ಟಿದ್ದೇನೆ. ಈ ಏಪ್ರಿಲ್‌ನಲ್ಲಿ ಅದು ಒಂದೇ ಸಲ ಕೂಗಿತು. ಓಡಿ ಹೋಗಿ ನೋಡಿದರೆ, ಒಣಗಿದ ಬಟ್ಟೆ ಮಡಚಿದ ಯಾರೋ ಟವೆಲ್ಲುಗಳ ರಾಶಿಯನ್ನು ಕ್ಯಾಬಿನೆಟ್ಟಿನ ಹಿಂದೆ ಒತ್ತಿ ಇಟ್ಟಿದ್ದರು.